ನಳದ ನೀರು ಮತ್ತು ಪ್ಲಾಸ್ಟಿಕ್ ಉದ್ಯಮದ ರಾಸಾಯನಿಕಗಳು: ಪರೀಕ್ಷಾ ವರದಿಯನ್ನು ಓದುವ ಬಗೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ನೀರಿನ ಪರೀಕ್ಷಾ ವರದಿಯು ಗ್ರಾಮ ಪಂಚಾಯತ್ ಸಭೆಯ ಮುಂದೆ ಬಂದಾಗ ಸದಸ್ಯರ ದೃಷ್ಟಿ ಸಹಜವಾಗಿ ಅದರ ಕೊನೆಯ ಸಾಲಿನ ಮೇಲೆ ನೆಲೆಸುತ್ತದೆ. ‘ನೀರು ಕುಡಿಯಲು ಯೋಗ್ಯವಾಗಿದೆ’ ಎಂದು ಅಲ್ಲಿ ಬರೆದಿದ್ದರೆ ವಿಷಯ ಮುಗಿಯಿತೆಂದು ಮುಂದಿನ ವಿಷಯಕ್ಕೆ ಹೋಗುವುದು ವಾಡಿಕೆ. ಆ ಸಾಲಿನ ನಿಜವಾದ ಅರ್ಥವೆಂದರೆ, ಪರೀಕ್ಷೆಗೆ ಒಳಪಡಿಸಿದ ಅಂಶಗಳ ಮಟ್ಟಿಗೆ ನೀರು ಯೋಗ್ಯವಾಗಿದೆ ಎಂಬುದಷ್ಟೆ. ಪರೀಕ್ಷೆಯು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದ ಪ್ರಶ್ನೆಗೆ ಕೊಡುವುದಿಲ್ಲ.

ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕಗಳು ಹೀಗೆ ಸಾಮಾನ್ಯ ಪರೀಕ್ಷೆಯು ಕೇಳದ ಪ್ರಶ್ನೆಗಳ ಸಾಲಿಗೆ ಸೇರುತ್ತವೆ. ಅವು ಯಾವುವು, ನೀರಿಗೆ ಹೇಗೆ ಸೇರುತ್ತವೆ, ಪರೀಕ್ಷೆಯನ್ನು ಯಾವಾಗ ಮತ್ತು ಹೇಗೆ ಮಾಡಿಸಬೇಕು, ಪಂಚಾಯತ್ ತನ್ನ ಅಧಿಕಾರವ್ಯಾಪ್ತಿಯಲ್ಲಿ ಏನನ್ನು ತಡೆಯಬಹುದು ಎಂಬುದನ್ನು ಈ ಪಾಠ ವಿವರಿಸುತ್ತದೆ.

1. ಈಗಿರುವ ಪರೀಕ್ಷಾ ವ್ಯವಸ್ಥೆ

ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರು ಒಂದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೆ ನಳ ಸಂಪರ್ಕ ನೀಡಿ, ತಲಾ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿಯನ್ನು ಹೊಂದಿದೆ. ಅದರ ಮಾರ್ಗಸೂಚಿಯಂತೆ ಕುಡಿಯುವ ನೀರಿನ ಮೂಲಗಳಿಗೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮೊದಲು ಮತ್ತು ನಂತರ ಹೀಗೆ ಎರಡು ಬಾರಿ ಜೈವಿಕ ಪರೀಕ್ಷೆ ನಡೆಯಬೇಕು. ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವುದೂ ಈ ವ್ಯವಸ್ಥೆಯ ಭಾಗವಾಗಿದೆ.

ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಆಮ್ಲ-ಕ್ಷಾರ ಮಟ್ಟ, ಗಡಸುತನ, ಕ್ಲೋರೈಡ್, ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಉಳಿಕೆ ಕ್ಲೋರಿನ್ ಮೊದಲಾದವನ್ನು ತಿಳಿಯಬಹುದು. ಬಣ್ಣ ಬದಲಾಗುವ ಬಾಟಲಿಯಿಂದ ಮಲಜನ್ಯ ರೋಗಾಣುಗಳ ಸುಳಿವು ಸಿಗುತ್ತದೆ. ದೇಶದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500:2012 ಇದಕ್ಕಿಂತ ದೊಡ್ಡ ಪಟ್ಟಿ. ಅದರಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳಂತಹ ಲೋಹಗಳೂ, ಫಿನಾಲ್ ವರ್ಗದ ಸಂಯುಕ್ತಗಳೂ, ಹಲವು ಕೀಟನಾಶಕಗಳೂ ಸೇರಿವೆ. ಫಿನಾಲ್ ವರ್ಗಕ್ಕೆ ಲೀಟರಿಗೆ 0.001 ಮಿಲಿಗ್ರಾಂ, ಸೀಸಕ್ಕೆ 0.01 ಮಿಲಿಗ್ರಾಂ ಮಿತಿಯಿದೆ. ಆದರೆ ಜಗತ್ತಿನಾದ್ಯಂತ ಚರ್ಚೆಯಲ್ಲಿರುವ ಪಿಎಫ್‌ಎಎಸ್ ಎಂಬ ಫ್ಲೋರಿನ್‌ಯುಕ್ತ ರಾಸಾಯನಿಕಗಳಿಗೆ ಆ ಪಟ್ಟಿಯಲ್ಲಿ ಮಿತಿ ನಿಗದಿಯಾಗಿಲ್ಲ.

2. ಪ್ಲಾಸ್ಟಿಕ್ ಉದ್ಯಮದ ರಾಸಾಯನಿಕಗಳು ಯಾವುವು?

ಸದಸ್ಯರು ನಾಲ್ಕು ಗುಂಪುಗಳನ್ನು ನೆನಪಿಟ್ಟುಕೊಂಡರೆ ಸಾಕು.

ಮೊದಲನೆಯದು ಥ್ಯಾಲೇಟ್‌ಗಳು. ಗಡಸಾದ ಪಿವಿಸಿಯನ್ನು ಬಾಗುವಂತೆ ಮಾಡಲು ಇವುಗಳನ್ನು ಬೆರೆಸುತ್ತಾರೆ. ಮೆದುವಾದ ಬಣ್ಣದ ಪೈಪುಗಳು ಮತ್ತು ಹಾಸುಗಳಲ್ಲಿ ಇವು ಇರುತ್ತವೆ. ಇವುಗಳಲ್ಲಿ ಮುಖ್ಯವಾದ ಡಿಇಎಚ್‌ಪಿಗೆ ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ಲೀಟರಿಗೆ 8 ಮೈಕ್ರೊಗ್ರಾಂ ಮಾರ್ಗಸೂಚಿ ಮಿತಿಯನ್ನು ನೀಡಿದೆ.

ಎರಡನೆಯದು ಬಿಸ್‌ಫಿನಾಲ್-ಎ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಮತ್ತು ಎಪಾಕ್ಸಿ ಲೇಪನಗಳ ತಯಾರಿಕೆಗೆ ಇದು ಬೇಕು. ಐರೋಪ್ಯ ಒಕ್ಕೂಟವು ತನ್ನ 2020ರ ಕುಡಿಯುವ ನೀರಿನ ನಿರ್ದೇಶನದಲ್ಲಿ ಇದಕ್ಕೆ ಲೀಟರಿಗೆ 2.5 ಮೈಕ್ರೊಗ್ರಾಂ ಮಿತಿಯನ್ನು ನಿಗದಿಪಡಿಸಿದೆ.

ಮೂರನೆಯದು ಪಿಎಫ್‌ಎಎಸ್. ನೀರೂ ಎಣ್ಣೆಯೂ ಅಂಟದ ಪಾತ್ರೆಗಳ ಲೇಪನ, ಕಲೆ ಹಿಡಿಯದ ಬಟ್ಟೆ, ತೈಲದ ಬೆಂಕಿ ನಂದಿಸುವ ಕೆಲವು ನೊರೆಗಳು ಇವುಗಳಿಂದ ಸಾಧ್ಯವಾದವು. ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧವು ಬಹು ಬಲವಾದುದರಿಂದ ಇವು ನಿಸರ್ಗದಲ್ಲಿ ಸುಲಭವಾಗಿ ಕರಗಿ ಹೋಗುವುದಿಲ್ಲ.

ನಾಲ್ಕನೆಯದು ಪ್ಲಾಸ್ಟಿಕ್‌ನ ಮೂಲದ್ರವ್ಯಗಳು, ಸ್ಥಿರಕಾರಿಗಳು ಮತ್ತು ಸುಟ್ಟಾಗ ಹುಟ್ಟುವ ವಸ್ತುಗಳು. ಪಿವಿಸಿಯ ಮೂಲವಾದ ವಿನೈಲ್ ಕ್ಲೋರೈಡ್, ಹಿಂದೆ ಪಿವಿಸಿ ಪೈಪುಗಳಲ್ಲಿ ಸ್ಥಿರಕಾರಿಯಾಗಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಸೀಸದ ಲವಣಗಳು, ಪ್ಲಾಸ್ಟಿಕ್ ಕಾದು ಕರಗಿದಾಗ ಉಂಟಾಗುವ ಬೆಂಜೀನ್ ಈ ಗುಂಪಿಗೆ ಸೇರುತ್ತವೆ.

3. ಪ್ರಮಾಣದ ಲೆಕ್ಕ

ಈ ರಾಸಾಯನಿಕಗಳ ವಿಷಯದಲ್ಲಿ ಗೊಂದಲ ಹುಟ್ಟುವುದು ಪ್ರಮಾಣದಿಂದ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಗ್ರಾಮದ ಮೇಲ್ಮಟ್ಟದ ಟ್ಯಾಂಕ್ 50,000 ಲೀಟರ್ ಹಿಡಿಯುತ್ತದೆ ಎಂದು ಇಟ್ಟುಕೊಂಡರೆ, ಫ್ಲೋರೈಡ್‌ನ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಪ್ರಕಾರ ಇಡೀ ಟ್ಯಾಂಕಿನಲ್ಲಿ 75 ಗ್ರಾಂ ಫ್ಲೋರೈಡ್ ಇರಬಹುದು. ಅದು ಒಂದು ಹಿಡಿಯಷ್ಟು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ ಪಿಎಫ್‌ಎಎಸ್ ಗುಂಪಿನ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗಳಿಗೆ ಗೊತ್ತುಪಡಿಸಿದ ಮಿತಿ ತಲಾ ಲೀಟರಿಗೆ 4 ನ್ಯಾನೊಗ್ರಾಂ. ಅದೇ ಟ್ಯಾಂಕಿಗೆ ಆ ಲೆಕ್ಕ ಹಾಕಿದರೆ ಒಟ್ಟು 0.2 ಮಿಲಿಗ್ರಾಂ ಆಗುತ್ತದೆ, ಅಂದರೆ ಪುಡಿ ಉಪ್ಪಿನ ಕೆಲವೇ ಹರಳುಗಳ ತೂಕ.

ಇಷ್ಟು ಸೂಕ್ಷ್ಮ ಪ್ರಮಾಣವನ್ನು ಬಣ್ಣ ಬದಲಾಗುವ ಕಿಟ್ ಗುರುತಿಸಲಾರದು. ನಾಲಿಗೆ, ಮೂಗು, ಕಣ್ಣುಗಳೂ ಗುರುತಿಸಲಾರವು. ಮನೆಮನೆಗೆ ಬರುವ ಫಿಲ್ಟರ್ ಮಾರಾಟಗಾರರು ತೋರಿಸುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣಗಳನ್ನು ಅಂದಾಜು ಮಾಡುತ್ತದೆಯೇ ಹೊರತು ಈ ರಾಸಾಯನಿಕಗಳನ್ನಲ್ಲ. ನೀರಿಗೆ ವಿದ್ಯುತ್ ಹಾಯಿಸಿ ಕಂದು ಕೆಸರು ತೋರಿಸುವ ಪ್ರದರ್ಶನದಲ್ಲಿ ಕಾಣುವುದು ಬಹುಪಾಲು ಆ ಸಾಧನದ ಕಬ್ಬಿಣದ ಕಡ್ಡಿಯೇ ಕರಗಿ ಬಿಟ್ಟ ತುಕ್ಕು. ಇಂತಹ ಪ್ರದರ್ಶನಗಳನ್ನು ಆಧರಿಸಿ ಪಂಚಾಯತ್ ಯಾವ ಖರೀದಿಯನ್ನೂ ಮಾಡತಕ್ಕದ್ದಲ್ಲ.

4. ಅಧ್ಯಯನ ಪ್ರಕರಣ: ಪಟ್ಟಿಯಲ್ಲಿಲ್ಲದ ರಾಸಾಯನಿಕ

ಪ್ಲಾಸ್ಟಿಕ್ ರಾಸಾಯನಿಕದಿಂದ ನಳದ ನೀರು ಕೆಟ್ಟ ಪ್ರಕರಣಗಳಲ್ಲಿ ಹೆಚ್ಚು ವಿವರವಾಗಿ ಅಧ್ಯಯನವಾದುದು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಪಾರ್ಕರ್ಸ್‌ಬರ್ಗ್ ಪ್ರದೇಶದ್ದು. ಅದು ಬೆಟ್ಟಗುಡ್ಡ, ಹಳ್ಳ-ಹೊಳೆ, ದನಸಾಕಣೆಯ ನಾಡು ಆಗಿರುವುದರಿಂದ ಮಲೆನಾಡಿನ ಸದಸ್ಯರಿಗೆ ಅದರ ಸನ್ನಿವೇಶ ಸುಲಭವಾಗಿ ಅರ್ಥವಾಗುತ್ತದೆ.

ಒಹಾಯೊ ನದಿಯ ದಡದಲ್ಲಿದ್ದ ಡುಪಾಂಟ್ ಕಂಪನಿಯ ಕಾರ್ಖಾನೆಯು ಟೆಫ್ಲಾನ್ ತಯಾರಿಕೆಗೆ 1951ರಿಂದ ಪಿಎಫ್‌ಒಎ ಬಳಸುತ್ತಿತ್ತು. ಅಲ್ಲಿನ ರೈತ ವಿಲ್ಬರ್ ಟೆನೆಂಟ್ ಅವರ ಕುಟುಂಬದ ಜಮೀನಿನ ಒಂದು ಭಾಗವನ್ನು ಕಂಪನಿಯು ಕೊಂಡು ತ್ಯಾಜ್ಯ ಹೂಳುವ ಜಾಗವನ್ನಾಗಿ ಮಾಡಿತು. ಆ ಜಾಗದಿಂದ ಇಳಿದು ಬರುವ ಹಳ್ಳದ ನೀರನ್ನು ಕುಡಿದ ದನಗಳು ಒಂದರ ಹಿಂದೊಂದು ಸತ್ತವು. 1998ರಲ್ಲಿ ಟೆನೆಂಟ್ ಅವರು ರಾಬ್ ಬಿಲಾಟ್ ಎಂಬ ವಕೀಲರ ಬಳಿ ಹೋದರು. ವ್ಯಾಜ್ಯದಲ್ಲಿ ಹೊರಬಂದ ಕಂಪನಿಯ ದಾಖಲೆಗಳಿಂದ ಪಿಎಫ್‌ಒಎ ಹಳ್ಳದಲ್ಲಿ ಮಾತ್ರವಲ್ಲದೆ ಸುತ್ತಲಿನ ಊರುಗಳ ನಳದ ನೀರಿನಲ್ಲಿಯೂ ಇದೆ ಎಂಬುದು ತಿಳಿಯಿತು.

ಆ ಊರುಗಳ ನೀರು ಪರೀಕ್ಷೆಗೆ ಒಳಪಡುತ್ತಿರಲಿಲ್ಲವೆಂದಲ್ಲ. ಸರ್ಕಾರದ ಪಟ್ಟಿಯಲ್ಲಿ ಪಿಎಫ್‌ಒಎ ಇರಲಿಲ್ಲ. ಆದ್ದರಿಂದ ನಿಯತ ಪರೀಕ್ಷೆಗಳು ಅದನ್ನು ಹುಡುಕಲಿಲ್ಲ. ಮುಂದೆ ಆರು ನೀರು ಪೂರೈಕೆ ವ್ಯಾಪ್ತಿಗಳ ಜನರ ಪರವಾಗಿ ನಡೆದ ವ್ಯಾಜ್ಯವು 2004ರಲ್ಲಿ ರಾಜಿಯಾಯಿತು. ಅದರ ಭಾಗವಾಗಿ ಸುಮಾರು 69,000 ಜನರ ರಕ್ತದ ಮಾದರಿ ಮತ್ತು ಆರೋಗ್ಯ ಮಾಹಿತಿಯನ್ನು ಸಂಗ್ರಹಿಸಲಾಯಿತು. ಸ್ವತಂತ್ರ ವಿಜ್ಞಾನಿಗಳ ಮಂಡಳಿಯು ಅಧ್ಯಯನ ನಡೆಸಿ, 2012ರ ವೇಳೆಗೆ ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಕರುಳಿನ ಹುಣ್ಣುರೋಗ, ಅಧಿಕ ಕೊಲೆಸ್ಟರಾಲ್ ಮತ್ತು ಗರ್ಭಿಣಿಯರ ರಕ್ತದೊತ್ತಡ ಎಂಬ ಆರು ತೊಂದರೆಗಳೊಂದಿಗೆ ಪಿಎಫ್‌ಒಎಗೆ ಸಂಭಾವ್ಯ ಸಂಬಂಧವಿದೆ ಎಂದು ತಿಳಿಸಿತು. ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪಿಎಫ್‌ಒಎ ಸೇರಿದ್ದು 2019ರಲ್ಲಿ. ಅಮೆರಿಕದಲ್ಲಿ ನೀರಿಗೆ ಕಡ್ಡಾಯ ಮಿತಿ ಬಂದದ್ದು 2024ರಲ್ಲಿ. ಅಂದರೆ ದನಗಳ ಸಾವಿನ ಬಗ್ಗೆ ರೈತರೊಬ್ಬರು ವಕೀಲರನ್ನು ಕಂಡ 26 ವರ್ಷಗಳ ನಂತರ.

ಈ ಪ್ರಕರಣದಿಂದ ಪಂಚಾಯತ್ ಸದಸ್ಯರು ತಿಳಿಯಬೇಕಾದ ಅಂಶಗಳು ಎರಡು. ಒಂದು, ಪ್ರಯೋಗಾಲಯಕ್ಕಿಂತ ಮೊದಲು ಹಳ್ಳದ ಕೆಳಗಿನ ರೈತನಿಗೆ ವ್ಯತ್ಯಾಸ ಕಂಡಿತು. ಆದ್ದರಿಂದ ಗ್ರಾಮಸ್ಥರ ಅಹವಾಲನ್ನು ದಾಖಲಿಸಿಕೊಳ್ಳುವುದು ಪರೀಕ್ಷೆಯಷ್ಟೇ ಮುಖ್ಯ. ಎರಡು, ನೀರಿನ ಮೂಲದ ಮೇಲ್ಭಾಗದಲ್ಲಿ ಏನನ್ನು ಹೂಳಲಾಗುತ್ತಿದೆ ಎಂಬುದು ತಿಳಿದಿದ್ದರೆ ಮಾತ್ರ ಯಾವ ಪರೀಕ್ಷೆ ಬೇಕೆಂದು ಕೇಳಲು ಸಾಧ್ಯ.

5. ಬೆಂಕಿ ಮತ್ತು ಪೈಪು

ಎರಡನೆಯ ಉದಾಹರಣೆಯಲ್ಲಿ ಕಾರ್ಖಾನೆಯೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಸಾಂಟಾ ರೋಸಾ ನಗರಕ್ಕೂ, 2018ರಲ್ಲಿ ಪ್ಯಾರಡೈಸ್ ಪಟ್ಟಣಕ್ಕೂ ಕಾಡ್ಗಿಚ್ಚು ನುಗ್ಗಿತು. ಬೆಂಕಿ ಆರಿದ ಬಳಿಕ ಎರಡೂ ಕಡೆ ನೀರಿನ ಕೊಳವೆ ಜಾಲದಲ್ಲಿ ಬೆಂಜೀನ್ ಪತ್ತೆಯಾಯಿತು. ಶಾಖಕ್ಕೆ ಪ್ಲಾಸ್ಟಿಕ್ ಪೈಪುಗಳು ಹಾಳಾದದ್ದು, ಒತ್ತಡ ಇಳಿದಾಗ ಖಾಲಿ ಕೊಳವೆಗಳು ಹೊಗೆಯನ್ನು ಒಳಗೆಳೆದುಕೊಂಡದ್ದು ಇದಕ್ಕೆ ಕಾರಣಗಳೆಂದು ಗುರುತಿಸಲಾಯಿತು. ಸಾಂಟಾ ರೋಸಾದಲ್ಲಿ ವಿಷಯ ಬೆಳಕಿಗೆ ಬಂದದ್ದು ನಿವಾಸಿಗಳು ನೀರಿನ ವಾಸನೆಯ ಬಗ್ಗೆ ದೂರಿದ ನಂತರ.

ಮಲೆನಾಡಿನಲ್ಲಿ ಬೇಸಿಗೆಯ ನೆಲಬೆಂಕಿಯು ಒಣ ದರಕಿನ ಮೂಲಕ ಹರಡುತ್ತದೆ. ಕಾಡಿನ ಒರತೆಯಿಂದ ಊರಿಗೆ ಎಳೆದ ಕಪ್ಪು ಪೈಪು ನೆಲದ ಮೇಲೆಯೇ ಬಿದ್ದಿರುವ ಕಡೆಗಳಲ್ಲಿ ಅದು ಬೆಂಕಿಗೆ ಸಿಲುಕಬಹುದು. ಸುಟ್ಟ ತುಂಡನ್ನು ಕತ್ತರಿಸಿ ಜೋಡಿಸಿದರೆ ಸಾಲದು. ಶಾಖ ತಗುಲಿದ ಅಕ್ಕಪಕ್ಕದ ಭಾಗವನ್ನೂ ಬದಲಿಸಿ, ನೀರನ್ನು ಬಹಳ ಹೊತ್ತು ಹೊರಬಿಟ್ಟು, ವಾಸನೆ ಇದ್ದರೆ ಪರೀಕ್ಷೆಯಾಗುವವರೆಗೆ ಆ ಮಾರ್ಗದ ನೀರನ್ನು ಕುಡಿಯಲು ಕೊಡದಿರುವುದು ಸರಿಯಾದ ಕ್ರಮ.

6. ಮೂರು ತಾಲೂಕುಗಳಲ್ಲಿ ನೋಡಬೇಕಾದ ಸ್ಥಳಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಕಾಡು, ಅಡಿಕೆ ತೋಟ ಮತ್ತು ಗದ್ದೆಗಳ ಪ್ರದೇಶ. ಇಲ್ಲಿ ದೊಡ್ಡ ರಾಸಾಯನಿಕ ಕಾರ್ಖಾನೆಗಳ ಸಾಲಿಲ್ಲ. ಆದ್ದರಿಂದ ಅಪಾಯವನ್ನು ಬೇರೆಡೆ ತಯಾರಾಗಿ ಇಲ್ಲಿಗೆ ಬರುವ ವಸ್ತುಗಳಲ್ಲಿ ಹುಡುಕಬೇಕು.

ಹರಿಯುವ ನೀರು: ಅಘನಾಶಿನಿಯ ಮೂಲಗಳಲ್ಲಿ ಒಂದು ಶಿರಸಿ ನಗರದೊಳಗಿನ ಶಂಕರಹೊಂಡ. ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿಗೆ ಧಾರವಾಡದ ಕಡೆಯಿಂದ ನೀರು ಬರುತ್ತದೆ. ಊರಿನ ಮೇಲ್ಭಾಗದ ಕಸ ಕೆಳಗಿನ ಪಂಚಾಯತಿಯ ಜಾಕ್‌ವೆಲ್‌ಗೆ ಸಂಬಂಧಪಟ್ಟ ವಿಷಯ. ನೀರಿನ ಮೂಲದ ಮೇಲ್ಭಾಗದಲ್ಲಿ ಬೇರೆ ಸ್ಥಳೀಯ ಸಂಸ್ಥೆಯ ವ್ಯಾಪ್ತಿ ಇದ್ದರೆ ಅದರೊಂದಿಗೆ ಪತ್ರವ್ಯವಹಾರ ನಡೆಸುವುದು ಅವಶ್ಯ.

ಕಸದ ಕಣಿವೆ: ರಸ್ತೆಯ ತಿರುವಿನಲ್ಲಿ, ಹಳ್ಳದ ಅಂಚಿನಲ್ಲಿ ಪ್ಲಾಸ್ಟಿಕ್ ಕಸ ಸುರಿಯುವುದು ಮತ್ತು ಅಲ್ಲಿಯೇ ಸುಡುವುದು ಅಂತರ್ಜಲಕ್ಕೂ ಒರತೆಗೂ ನೇರ ಅಪಾಯ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಗ್ರಾಮೀಣ ಪ್ರದೇಶದ ಪ್ಲಾಸ್ಟಿಕ್ ತ್ಯಾಜ್ಯದ ಹೊಣೆಯನ್ನು ಗ್ರಾಮ ಪಂಚಾಯತಿಗೆ ವಹಿಸಿವೆ. ಬಚ್ಚಲು ಒಲೆಯಲ್ಲಿ ಪ್ಲಾಸ್ಟಿಕ್ ಉರಿಸುವ ರೂಢಿಯ ಬಗ್ಗೆಯೂ ತಿಳಿವಳಿಕೆ ನೀಡಬೇಕು.

ಹಳೆಯ ಡ್ರಮ್ಮುಗಳು: ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಕಲಸಲು ನೀಲಿ ಡ್ರಮ್ಮುಗಳು ಅನೇಕ ತೋಟಿಗರ ಮನೆಗಳಲ್ಲಿ ಇವೆ. ಕಡಿಮೆ ಬೆಲೆಗೆ ಸಿಗುವ ಹಳೆಯ ಡ್ರಮ್ಮುಗಳಲ್ಲಿ ಮೊದಲು ಯಾವ ರಾಸಾಯನಿಕವಿತ್ತು ಎಂಬುದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. ಪ್ಲಾಸ್ಟಿಕ್ ತಾನು ಹಿಡಿದಿಟ್ಟ ರಾಸಾಯನಿಕವನ್ನು ಸ್ವಲ್ಪ ಹೀರಿಕೊಂಡು ಬಹುಕಾಲ ನಿಧಾನವಾಗಿ ಬಿಡುತ್ತದೆ. ಎಷ್ಟು ತೊಳೆದರೂ ಅದು ಪೂರ್ಣವಾಗಿ ಹೋಗುವುದಿಲ್ಲ. ಏಪ್ರಿಲ್-ಮೇ ತಿಂಗಳ ನೀರಿನ ಅಭಾವದಲ್ಲಿ ಟ್ಯಾಂಕರ್ ನೀರನ್ನು ಇಂತಹ ಡ್ರಮ್ಮಿನಲ್ಲಿ ತುಂಬಿಡುವುದನ್ನು ತಡೆಯಬೇಕು.

ಪೈಪು ಮತ್ತು ಟ್ಯಾಂಕ್: ಅಡಿಕೆ ಮರದ ದಬ್ಬೆಯಲ್ಲಿ ಅಬ್ಬಿ ನೀರು ಹರಿದು ಬರುತ್ತಿದ್ದ ಕಡೆ ಈಗ ಪ್ಲಾಸ್ಟಿಕ್ ಪೈಪು ಇದೆ. ಕುಡಿಯುವ ನೀರಿನ ಪಿವಿಸಿ ಪೈಪಿಗೆ ಐಎಸ್ 4985, ಎಚ್‌ಡಿಪಿಇ ಪೈಪಿಗೆ ಐಎಸ್ 4984, ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೆ ಐಎಸ್ 12701 ಮಾನದಂಡಗಳಿವೆ. ಗುಜರಿ ಪ್ಲಾಸ್ಟಿಕ್ ಕರಗಿಸಿ ತಯಾರಿಸಿದ ಅಗ್ಗದ ಪೈಪಿಗೆ ಈ ಖಾತರಿ ಇರುವುದಿಲ್ಲ. ಮಲೆನಾಡಿನ ನೀರು ಸಾಮಾನ್ಯವಾಗಿ ಮೆದು. ಅದು ಸ್ವಲ್ಪ ಆಮ್ಲೀಯವೂ ಆಗಿದ್ದರೆ ಪೈಪಿನಿಂದ ಸೀಸದಂತಹ ಲೋಹಗಳನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ.

ಎಣ್ಣೆ ಬಿದ್ದ ನೆಲ: ಗ್ಯಾರೇಜು, ಪೆಟ್ರೋಲ್ ಬಂಕುಗಳ ಬಳಿ ತೈಲ ಇಂಗಿದ ಮಣ್ಣಿನಲ್ಲಿ ಪ್ಲಾಸ್ಟಿಕ್ ಪೈಪು ಹಾದುಹೋದರೆ, ಪೈಪು ಒಡೆಯದಿದ್ದರೂ ಬೆಂಜೀನ್‌ನಂತಹ ವಸ್ತುಗಳು ಅದರ ಗೋಡೆಯ ಮೂಲಕ ನುಸುಳಬಲ್ಲವು. ಹೊಸ ಮಾರ್ಗವನ್ನು ಗುರುತಿಸುವಾಗಲೇ ಇಂತಹ ಸ್ಥಳಗಳನ್ನು ಬಿಟ್ಟು ಸಾಗಬೇಕು.

7. ಮಾದರಿ ಸಂಗ್ರಹದ ಕ್ರಮ

ಪರೀಕ್ಷೆಯ ಫಲವು ಬಾಟಲಿ ತುಂಬುವ ಕೈಯನ್ನು ಅವಲಂಬಿಸಿದೆ. ಪ್ಲಾಸ್ಟಿಕ್ ರಾಸಾಯನಿಕಗಳ ವಿಷಯದಲ್ಲಿ ಬಾಟಲಿಯೇ ಮಾದರಿಯನ್ನು ಕೆಡಿಸಬಹುದು.

ಮೊದಲು ಪ್ರಯೋಗಾಲಯದೊಂದಿಗೆ ಮಾತನಾಡಿ, ಅವರೇ ಕೊಡುವ ಬಾಟಲಿಯನ್ನು ಪಡೆಯತಕ್ಕದ್ದು. ಥ್ಯಾಲೇಟ್ ಮತ್ತು ಬಿಸ್‌ಫಿನಾಲ್-ಎ ಪರೀಕ್ಷೆಗೆ ಗಾಜಿನ ಬಾಟಲಿ ಬೇಕು. ಪಿಎಫ್‌ಎಎಸ್ ಪರೀಕ್ಷೆಗೆ ಅದಕ್ಕೆಂದೇ ಶುದ್ಧಗೊಳಿಸಿದ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್ ಬಾಟಲಿ ಬೇಕು. ಟೆಫ್ಲಾನ್ ಇರುವ ಮುಚ್ಚಳ ಸಲ್ಲದು. ಬೆಂಜೀನ್‌ನಂತಹ ಆವಿಯಾಗುವ ವಸ್ತುಗಳಿಗೆ ಸಣ್ಣ ಗಾಜಿನ ಸೀಸೆಯನ್ನು ಗಾಳಿಗುಳ್ಳೆ ಉಳಿಯದಂತೆ ತುಂಬಬೇಕು. ಬಿಸ್ಲೇರಿ ಬಾಟಲಿಯಲ್ಲಿ ತುಂಬಿ ಕಳಿಸಿದ ನೀರಿನಿಂದ ನಂಬಲರ್ಹ ಉತ್ತರ ಸಿಗದು.

ಪೈಪಿನಿಂದ ಏನಾದರೂ ಸೇರುತ್ತಿದೆಯೇ ಎಂದು ತಿಳಿಯಬೇಕಾದರೆ, ರಾತ್ರಿಯಿಡೀ ನಿಂತ ನೀರನ್ನು ಬೆಳಿಗ್ಗೆ ನಳ ತಿರುಗಿಸಿದ ಕೂಡಲೇ ಹಿಡಿಯಬೇಕು. ಮೂಲದ ನೀರನ್ನು ತಿಳಿಯಬೇಕಾದರೆ ಕೆಲವು ನಿಮಿಷ ನೀರು ಹರಿಯಬಿಟ್ಟು ಹಿಡಿಯಬೇಕು. ಇವೆರಡನ್ನೂ ಹೋಲಿಸಿದರೆ ದೋಷ ಮೂಲದಲ್ಲಿದೆಯೋ ದಾರಿಯಲ್ಲಿದೆಯೋ ಎಂಬುದು ಗೊತ್ತಾಗುತ್ತದೆ. ಪ್ರಯೋಗಾಲಯದ ಶುದ್ಧ ನೀರಿನ ಒಂದು ಬಾಟಲಿಯನ್ನೂ ಜೊತೆಗೆ ಒಯ್ದು, ಅದೇ ಸ್ಥಳದಲ್ಲಿ ತೆರೆದು ಮುಚ್ಚಿ, ಪರೀಕ್ಷೆಗೆ ಮರಳಿಸಬೇಕು. ಅದರಲ್ಲಿಯೂ ರಾಸಾಯನಿಕ ಕಂಡರೆ ದೋಷ ಸಂಗ್ರಹದಲ್ಲಿದೆ ಎಂದರ್ಥ. ಬಾಟಲಿಯ ಮೇಲೆ ಸ್ಥಳ, ದಿನಾಂಕ, ವೇಳೆ, ಸಂಗ್ರಹಿಸಿದವರ ಹೆಸರು ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗನೆ ತಲುಪಿಸಬೇಕು.

8. ವರದಿಯನ್ನು ಓದುವಾಗ

ವರದಿ ಕೈಸೇರಿದಾಗ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬೇಕು. ಸಂದೇಹವಿದ್ದ ರಾಸಾಯನಿಕದ ಹೆಸರು ವರದಿಯಲ್ಲಿ ಇದೆಯೇ? ಆ ಪರೀಕ್ಷೆಗೆ ಪ್ರಯೋಗಾಲಯವು ಎನ್‌ಎಬಿಎಲ್ ಮಾನ್ಯತೆ ಹೊಂದಿದೆಯೇ? ‘ಪತ್ತೆ ಮಿತಿಗಿಂತ ಕಡಿಮೆ’ ಎಂದಿದ್ದರೆ ಆ ಪತ್ತೆ ಮಿತಿ ಎಷ್ಟು?

ಮೂರನೆಯ ಪ್ರಶ್ನೆ ಬಹು ಮುಖ್ಯವಾದುದು. ಲೀಟರಿಗೆ 100 ನ್ಯಾನೊಗ್ರಾಂಗಿಂತ ಕಡಿಮೆ ಪ್ರಮಾಣವನ್ನು ಕಾಣಲಾರದ ಉಪಕರಣವು ‘ಪತ್ತೆಯಾಗಿಲ್ಲ’ ಎಂದರೆ, 4 ನ್ಯಾನೊಗ್ರಾಂ ಮಿತಿಯ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಒಂದೇ ವರದಿಯನ್ನು ನೆಚ್ಚಿ ಊರನ್ನು ಗಾಬರಿಗೊಳಿಸುವುದೂ ತಪ್ಪು. ಮಿತಿ ಮೀರಿದ ಫಲ ಬಂದರೆ ಎರಡನೆಯ ಮಾದರಿಯಿಂದ ಖಚಿತಪಡಿಸಿಕೊಂಡು, ಅಷ್ಟರವರೆಗೆ ಕುಡಿಯಲು ಬೇರೆ ಮೂಲದ ನೀರು ಒದಗಿಸಬೇಕು. ಪಿಎಫ್‌ಎಎಸ್ ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಕ್ಲೋರಿನ್ ಮತ್ತು ಅತಿನೇರಳೆ ದೀಪಗಳಿಂದಲೂ ಅದು ಹೋಗದು. ಸಕ್ರಿಯ ಇಂಗಾಲದ ಸೋಸುವಿಕೆ ಮತ್ತು ಆರ್‌ಒ ವಿಧಾನಗಳು ಅದನ್ನು ತಗ್ಗಿಸುತ್ತವೆ.

9. ಆದ್ಯತೆಯ ಕ್ರಮ

ಇಷ್ಟನ್ನು ಓದಿದ ಸದಸ್ಯರು ರೋಗಾಣು ಪರೀಕ್ಷೆಯನ್ನು ಹಿಂದಕ್ಕೆ ತಳ್ಳಬಾರದು. ಮಳೆಗಾಲದಲ್ಲಿ ಬಾವಿಗೆ ಸೇರಿದ ಮಲಿನ ನೀರು ಒಂದೇ ವಾರದಲ್ಲಿ ಊರಿಗೆ ವಾಂತಿಭೇದಿ ತರಬಲ್ಲದು; ಪ್ಲಾಸ್ಟಿಕ್ ರಾಸಾಯನಿಕಗಳು ವರ್ಷಗಟ್ಟಲೆ ಕುಡಿದಾಗ ಕೆಡುಕು ಮಾಡುತ್ತವೆ. ಆದ್ದರಿಂದ ಕ್ಲೋರಿನೀಕರಣ ಮತ್ತು ಜೈವಿಕ ಪರೀಕ್ಷೆ ಮೊದಲು, ಸೀಸ ಮತ್ತು ಫಿನಾಲ್‌ಗಳನ್ನು ಒಳಗೊಂಡ ಪೂರ್ಣ ರಾಸಾಯನಿಕ ಪರೀಕ್ಷೆ ನಂತರ. ವಿಶೇಷ ಪರೀಕ್ಷೆಗೆ ದುಬಾರಿ ಉಪಕರಣಗಳು ಬೇಕಾಗುವುದರಿಂದ, ಕಸದ ಗುಂಡಿ, ಬೆಂಕಿ, ತೈಲ ಸೋರಿಕೆ, ವಾಸನೆಯ ದೂರು ಮುಂತಾದ ನಿರ್ದಿಷ್ಟ ಕಾರಣವಿರುವ ಮೂಲಗಳಿಗೆ ಮಾತ್ರ ಅದನ್ನು ಮಾಡಿಸುವುದು ಸೂಕ್ತ. ತಡೆಗಟ್ಟುವ ಕೆಲಸಕ್ಕೆ ಪ್ರಯೋಗಾಲಯದ ವರದಿಗಾಗಿ ಕಾಯಬೇಕಾಗಿಲ್ಲ.

ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬಹುದಾದ ವಿಷಯಗಳು

ಅ) ಪ್ರತಿ ನೀರಿನ ಮೂಲದ ಮೇಲ್ಭಾಗವನ್ನು ಮಳೆಗಾಲಕ್ಕೆ ಮೊದಲು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯು ಕಾಲ್ನಡಿಗೆಯಲ್ಲಿ ಪರಿಶೀಲಿಸಿ ನಕ್ಷೆ ಸಿದ್ಧಪಡಿಸುವುದು.
ಆ) ಪಂಚಾಯತ್ ಖರೀದಿಸುವ ಪೈಪು ಮತ್ತು ಟ್ಯಾಂಕುಗಳ ಮೇಲೆ ಐಎಸ್ಐ ಗುರುತು ಇರುವುದನ್ನು ಪರಿಶೀಲಿಸಿ, ಅದರ ಛಾಯಾಚಿತ್ರವನ್ನು ಬಿಲ್ಲಿನೊಂದಿಗೆ ಲಗತ್ತಿಸುವುದು.
ಇ) ನೀರಿನ ಮೂಲದ ಬಳಿ ಕಸ ಸುರಿಯುವುದನ್ನೂ ಸುಡುವುದನ್ನೂ ನಿಷೇಧಿಸುವುದು.
ಈ) ನೀರಿನ ಬಣ್ಣ, ವಾಸನೆ, ಜಾನುವಾರುಗಳ ಅಸಹಜ ಸಾವಿನ ದೂರುಗಳಿಗೆ ಪ್ರತ್ಯೇಕ ವಹಿ ಇಡುವುದು.
ಉ) ರಾಸಾಯನಿಕ ತುಂಬಿದ್ದ ಡ್ರಮ್ಮುಗಳನ್ನು ಕುಡಿಯುವ ನೀರಿಗೆ ಬಳಸದಂತೆ ಗ್ರಾಮ ಸಭೆಯಲ್ಲಿ ತಿಳಿವಳಿಕೆ ನೀಡುವುದು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ವಾರ್ಡಿನ ನಳಕ್ಕೆ ಬರುವ ನೀರಿನ ಮೂಲ ಯಾವುದು? ಅದರ ಮೇಲ್ಭಾಗದಲ್ಲಿ ಏನಿದೆ?
2. ಕಳೆದ ವರ್ಷದ ಪರೀಕ್ಷಾ ವರದಿಯಲ್ಲಿ ಎಷ್ಟು ಅಂಶಗಳ ಹೆಸರಿತ್ತು? ಸೀಸ ಅದರಲ್ಲಿತ್ತೇ?
3. ಮೂಲದಲ್ಲಿ ಹಿಡಿದ ನೀರು ಶುದ್ಧವೆಂದು ವರದಿ ಬಂದು, ಕೊನೆಯ ಮನೆಯವರು ವಾಸನೆಯ ದೂರು ಕೊಟ್ಟರೆ, ಮುಂದಿನ ಮಾದರಿಯನ್ನು ಎಲ್ಲಿ, ಯಾವ ವೇಳೆಯಲ್ಲಿ, ಯಾವ ಬಾಟಲಿಯಲ್ಲಿ ಹಿಡಿಯಬೇಕು?